ಅಲ್ತಾಯ್ ಜನರ ಕಾಯ್ ಗಾಯನ ಮತ್ತು ಆಚರಣೆಯ ಹಾಡುಗಳು: ಕೇಳುವವರು ಯಾರು?

ಅಲ್ತಾಯ್ ಜನರ ಮಹಾಕಾವ್ಯಗಳನ್ನು ನಾವು ಸಾಮಾನ್ಯವಾಗಿ ಪುಸ್ತಕದಲ್ಲೇ ಮೊದಲು ನೋಡುತ್ತೇವೆ. ಸಾಲುಗಳು, ಅನುವಾದ, ಅಡಿಟಿಪ್ಪಣಿ, ಎಲ್ಲಾ ಅಚ್ಚುಕಟ್ಟಾಗಿರುತ್ತದೆ. ಕಥೆ ಗೊತ್ತಾಗುತ್ತದೆ. ಆದರೆ ಒಂದು ವರ್ಣನೆಯೇ ನೂರಾರು ಸಾಲು ಯಾಕೆ, ಹೇಳಿದ್ದನ್ನೇ ಮತ್ತೆ ಮತ್ತೆ ಯಾಕೆ ಹೇಳುತ್ತಾರೆ, ಕುದುರೆಗೆ ಇಷ್ಟು ಮರ್ಯಾದೆ ಯಾಕೆ ಎಂಬುದು ಅರ್ಥವಾಗದೆ ಉಳಿಯುತ್ತದೆ. ಇದನ್ನು ಬಿಡಿಸಿಕೊಳ್ಳಲು ನನಗೆ ನೆರವಾದ ಪ್ರಶ್ನೆ ಒಂದೇ: ಹಾಡುವವನು ಹಾಡುವಾಗ ಅವನ ಎದುರಿಗೆ ಯಾರಿದ್ದಾರೆ? ಈ ಟಿಪ್ಪಣಿಯಲ್ಲಿ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಮೊದಲು ಜಾಗ ಗೊತ್ತಿರಲಿ. ಅಲ್ತಾಯ್ ಗಣರಾಜ್ಯ ರಷ್ಯಾದ ದಕ್ಷಿಣ ಸೈಬೀರಿಯಾದಲ್ಲಿದೆ. ಕಝಾಕಿಸ್ತಾನ, ಚೀನಾ, ಮಂಗೋಲಿಯಾ ಮೂರೂ ಅದರ ಗಡಿಗೆ ಸೇರುತ್ತವೆ. ರಾಜಧಾನಿ ಗೋರ್ನೊ-ಅಲ್ತಾಯ್ಸ್ಕ್. 4506 ಮೀಟರ್ ಎತ್ತರದ ಬೆಲುಖಾ ಶಿಖರ, ಅದರ ಹಿಮದಿಂದ ಹುಟ್ಟುವ ಕತುನ್ ನದಿ, ಎರಡೂ ಜನರಿಗೆ ಪವಿತ್ರ. ಭಾಷೆ ತುರ್ಕಿ ಕುಟುಂಬದ್ದು. ದಕ್ಷಿಣದಲ್ಲಿ ಅಲ್ತಾಯ್-ಕಿಝಿ ಮತ್ತು ತೆಲೆಂಗಿತ್ ಗುಂಪುಗಳು, ಉತ್ತರದ ಕಾಡುಗಳಲ್ಲಿ ತುಬಲಾರ್, ಚೆಲ್ಕನ್, ಕುಮಂದಿನ್ ಗುಂಪುಗಳು. ದಕ್ಷಿಣದವರು ಹೆಚ್ಚಾಗಿ ಕುದುರೆ, ಕುರಿ ಸಾಕುವವರು. ಉತ್ತರದವರಿಗೆ ಬೇಟೆಯೇ ಹೆಚ್ಚು. ಈ ವ್ಯತ್ಯಾಸ ಹಾಡುಗಳಲ್ಲೂ ಕಾಣುತ್ತದೆ.

ಧ್ವನಿ ಮತ್ತು ವಾದ್ಯ

ಮಹಾಕಾವ್ಯವನ್ನು ಹಾಡುವ ವಿಶೇಷ ಕಂಠಶೈಲಿಗೆ ಕಾಯ್ ಎಂದು ಹೆಸರು. ಹಾಡುವವನು ಕಾಯ್ಚಿ. ಹೀಗೆ ಹಾಡುವ ವೀರಕಥೆ ಕಾಯ್ ಚೋರ್ಚೋಕ್. ನಮ್ಮ ಗಂಟಲಲ್ಲಿ ಧ್ವನಿ ಹುಟ್ಟಿಸುವ ತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾಮೂಲಿ ಮಾತಿನಲ್ಲಿ ಅವು ಸುಮ್ಮನಿರುತ್ತವೆ. ಕಾಯ್‌ನ ತಗ್ಗಿದ ಶೈಲಿಯಲ್ಲಿ ಅವೂ ಕಂಪಿಸುತ್ತವೆ. ಅದೂ ಅರ್ಧ ವೇಗದಲ್ಲಿ. ಹಾಗಾಗಿ ಗಾಯಕನ ಸಹಜ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಸ್ವರ ಕೇಳಿಸುತ್ತದೆ. ಈ ತಗ್ಗಿದ ಶೈಲಿ ಕಾರ್ಕಿರಾ. ಸಿಳ್ಳೆಯಂಥ ಮೇಲಿನ ಸ್ವರ ತೇಲುವ ಶೈಲಿ ಸಿಗಿತ್. ಪಕ್ಕದ ತುವಾ ಪ್ರಾಂತ್ಯದಲ್ಲೂ ಇಂಥ ಕಂಠಗಾಯನ ತುಂಬಾ ಪ್ರಸಿದ್ಧ. ಆದರೆ ಅಲ್ತಾಯ್‌ನಲ್ಲಿ ಅದು ದೊಡ್ಡ ಕಥೆಯೊಂದನ್ನು ಹೊತ್ತು ಸಾಗುತ್ತದೆ. ಮಾತು ಮುಖ್ಯ. ಬರೀ ಧ್ವನಿಯ ಚಮತ್ಕಾರ ಅಂತ ಕೇಳಿದರೆ ಅರ್ಧ ಕೈತಪ್ಪಿ ಹೋಗುತ್ತದೆ.

ಜೊತೆಗೆ ನುಡಿಯುವುದು ತೊಪ್ಶೂರ್. ಎರಡು ತಂತಿಯ ಮರದ ವಾದ್ಯ. ಹಳೆಯ ತೊಪ್ಶೂರ್‌ಗಳಿಗೆ ಕುದುರೆ ಕೂದಲಿನ ತಂತಿ ಇರುತ್ತಿತ್ತು. ಕಾಯ್ಚಿ ಮೊದಲು ತೊಪ್ಶೂರ್ ನುಡಿಸುತ್ತಾನೆ. ಆ ಲಯ ಕುದುರೆಯ ಓಟದ ಲಯ. ಆಮೇಲೆ ಮಾತಿಲ್ಲದ ಗುಂಯ್‌ಗುಡುವ ಸ್ವರ ಎಳೆಯುತ್ತಾನೆ. ಅದಾದ ಮೇಲೆ ಮಾತು. ಎಷ್ಟೋ ಸಲ ಆ ಮೊದಲ ಮಾತುಗಳು ತೊಪ್ಶೂರ್‌ಗೇ ಹೇಳಿದ ಮಾತುಗಳು. ಕಾಡಿನ ಮರದಿಂದ ಹುಟ್ಟಿದವನೇ, ನನ್ನ ಜೊತೆ ನಡೆ, ಈ ಕಥೆ ಮುಗಿಯುವವರೆಗೆ ಕೈಬಿಡಬೇಡ ಎನ್ನುವ ಧಾಟಿಯಲ್ಲಿ. ನೋಡಿ, ಕಥೆ ಶುರುವಾಗುವ ಮೊದಲೇ ಒಬ್ಬ ಕೇಳುಗ ಸಿಕ್ಕಿಬಿಟ್ಟ.

ಮಾದಾಯ್-ಕಾರಾ

ಒಂದೇ ಒಂದು ಕಾವ್ಯ ಓದಲು ಸಮಯ ಇದ್ದರೆ ಇದನ್ನೇ ಓದಿ. ಉಲಗಾನ್ ಪ್ರದೇಶದ ತೆಲೆಂಗಿತ್ ಕಾಯ್ಚಿ ಅಲೆಕ್ಸೇಯ್ ಕಾಲ್ಕಿನ್ (1925–1998) ಹಾಡಿದ್ದನ್ನು ಜಾನಪದ ವಿದ್ವಾಂಸ ಸೆರ್ಗೇಯ್ ಸುರಝಾಕೊವ್ ದಾಖಲಿಸಿದರು. 1973ರಲ್ಲಿ ಮಾಸ್ಕೊದಲ್ಲಿ ಅಲ್ತಾಯ್ ಮೂಲ ಮತ್ತು ರಷ್ಯನ್ ಅನುವಾದ ಒಟ್ಟಿಗೆ ಅಚ್ಚಾದವು. 7738 ಸಾಲುಗಳು. ಕಾಲ್ಕಿನ್‌ಗೆ ಚಿಕ್ಕಂದಿನಿಂದ ದೃಷ್ಟಿ ಮಂದ. ಹಾಡನ್ನು ತಂದೆಯಿಂದ ಕಲಿತರು. ಅವರ ಮಗ ಎಲ್ಬೆಕ್ ಕೂಡ ಕಾಯ್ಚಿಯಾದರು.

ಕಾವ್ಯ ಯುದ್ಧದಿಂದ ಶುರುವಾಗುವುದಿಲ್ಲ. ನಾಡಿನ ವರ್ಣನೆಯಿಂದ ಶುರುವಾಗುತ್ತದೆ. ನೂರು ಕೊಂಬೆಯ ಬಾಯ್-ತೆರೆಕ್ ಮರ. ಅದರ ತುದಿಯಲ್ಲಿ ಹಗಲಿರುಳು ಕೂಗುವ ಎರಡು ಕೋಗಿಲೆಗಳು, ನಡುವಿನಲ್ಲಿ ಎರಡು ಹದ್ದುಗಳು, ಬುಡದಲ್ಲಿ ಕಾವಲಿಗೆ ಎರಡು ನಾಯಿಗಳು. ಮೇಲಿನ ಲೋಕ, ಈ ಲೋಕ, ಕೆಳಗಿನ ಲೋಕ, ಮೂರೂ ಈ ಒಂದು ಮರದಲ್ಲಿ ಸೇರುತ್ತವೆ. ಓದುವವರಿಗೆ ಇದು ಬಹಳ ನಿಧಾನ ಅನ್ನಿಸಬಹುದು. ಆದರೆ ಕೇಳುಗರಲ್ಲಿ ಆ ನಾಡೂ ಇದೆ ಅಂದುಕೊಂಡು ಓದಿ. ಅಲ್ತಾಯ್ ಜನರಿಗೆ ಅಲ್ತಾಯ್ ಅಂದರೆ ಬರೀ ಬೆಟ್ಟಸಾಲಲ್ಲ, ಪ್ರಾರ್ಥನೆ ಕೇಳಿಸಿಕೊಳ್ಳುವ ದೈವ. ದೈವದ ಎದುರು ನಿಂತಾಗ ಮೊದಲು ಹೊಗಳಿಕೆ ಬರಬೇಕು, ಅಲ್ವಾ?

ಕಥೆ ಹೀಗಿದೆ. ಮಾದಾಯ್-ಕಾರಾ ಮುದುಕನಾಗಿದ್ದಾನೆ. ಕಾರಾ-ಕುಲಾ ಎಂಬ ಖಾನ್ ದಂಡೆತ್ತಿ ಬರುತ್ತಾನೆ. ಆ ಹೊತ್ತಿಗೆ ಹುಟ್ಟಿದ ಮಗುವನ್ನು ತಂದೆ ಕಪ್ಪು ಬೆಟ್ಟದ ಮೇಲೆ, ಬರ್ಚ್ ಮರಗಳ ಕೆಳಗೆ ತೊಟ್ಟಿಲಲ್ಲಿ ಬಚ್ಚಿಡುತ್ತಾನೆ. ಮರದಿಂದ ತೊಟ್ಟಿಕ್ಕುವ ರಸವೇ ಮಗುವಿಗೆ ಹಾಲು. ಶತ್ರು ಜನ, ದನ ಎಲ್ಲವನ್ನೂ ಹೊಡೆದುಕೊಂಡು ಹೋಗುತ್ತಾನೆ. ಮುದುಕ, ಮುದುಕಿಯನ್ನೂ ಬಿಡುವುದಿಲ್ಲ. ಮಗುವನ್ನು ಒಬ್ಬ ಅಜ್ಜಿ ಸಾಕುತ್ತಾಳೆ. ಆಕೆ ಬೇರೆ ಯಾರೂ ಅಲ್ಲ, ಅಲ್ತಾಯ್ ನಾಡಿನ ಒಡತಿಯೇ. ಹುಡುಗನಿಗೆ ಕೋಗೂದೆಯ್-ಮೆರ್ಗೆನ್ ಎಂಬ ಹೆಸರು, ಕುದುರೆ, ಆಯುಧ ಎಲ್ಲಾ ಆಕೆಯಿಂದಲೇ ಸಿಗುತ್ತದೆ.

ಕಾರಾ-ಕುಲಾನನ್ನು ಸುಮ್ನೆ ಕತ್ತಿಯಿಂದ ಕೊಲ್ಲಲು ಆಗುವುದಿಲ್ಲ. ಅವನ ಜೀವ ಅವನ ಮೈಯಲ್ಲಿಲ್ಲ. ಆಕಾಶದಲ್ಲಿ ಮೂರು ಜಿಂಕೆಗಳಿವೆ. ಒಂದರ ಹೊಟ್ಟೆಯಲ್ಲಿ ಚಿನ್ನದ ಪೆಟ್ಟಿಗೆ, ಅದರೊಳಗೆ ಎರಡು ಹಕ್ಕಿಮರಿಗಳು. ಒಂದು ಅವನ ಜೀವ, ಇನ್ನೊಂದು ಅವನ ಕುದುರೆಯ ಜೀವ. ಏಳು ಸಮುದ್ರದಾಚೆ ಗಿಣಿಯಲ್ಲಿ ರಾಕ್ಷಸನ ಜೀವ ಇಟ್ಟ ಕಥೆ ಕೇಳಿ ಬೆಳೆದ ನಮಗೆ ಇದು ಚೆನ್ನಾಗಿಯೇ ಹಿಡಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕುದುರೆ. ಸವಾರನಿಗೂ ಕುದುರೆಗೂ ಜೀವ ಒಂದೇ ಪೆಟ್ಟಿಗೆಯಲ್ಲಿ. ವೀರನ ಕುದುರೆ ಮಾತಾಡುತ್ತದೆ, ಮುಂದಾಗುವುದನ್ನು ಹೇಳುತ್ತದೆ, ವೀರ ತಪ್ಪಿದರೆ ಗದರುತ್ತದೆ.

ಆಮೇಲೆ ಮದುವೆಗಾಗಿ ಪಂದ್ಯಗಳು, ಕೆಳಲೋಕದ ಒಡೆಯ ಎರ್ಲಿಕ್‌ನ ಜೊತೆ ಹೋರಾಟ. ಕೊನೆಗೆ ವೀರ ಸಾಯುವುದಿಲ್ಲ. ಆಕಾಶಕ್ಕೇರಿ ನಕ್ಷತ್ರವಾಗುತ್ತಾನೆ. ನಾವು ಸಪ್ತರ್ಷಿ ಮಂಡಲ ಎನ್ನುವ ಏಳು ನಕ್ಷತ್ರಗಳನ್ನೇ ಈ ಕಾವ್ಯ ಕೋಗೂದೆಯ್-ಮೆರ್ಗೆನ್‌ನ ಜೊತೆ ಸೇರಿಸುತ್ತದೆ.

ಸಾಲುಗಳ ಕಟ್ಟಡದ ಬಗ್ಗೆ ಸ್ವಲ್ಪ. ಸಾಲುಗಳು ಚಿಕ್ಕವು, ಹೆಚ್ಚಾಗಿ ಏಳೆಂಟು ಉಚ್ಚಾರಾಂಶ. ಪ್ರಾಸ ಸಾಲಿನ ಶುರುವಿನಲ್ಲಿ ಬರುತ್ತದೆ, ಒಂದೇ ಧ್ವನಿಯಿಂದ ಹಲವು ಸಾಲುಗಳು ಆರಂಭವಾಗುತ್ತವೆ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹುಡುಕುವ ಹಳಗನ್ನಡ ಓದುಗರಿಗೆ ಸಾಲಿನ ಎಡಬದಿಯ ಈ ಪ್ರಾಸ ಬೇಗ ಕಿವಿಗೆ ಬೀಳುತ್ತದೆ. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ. ರಾತ್ರಿಯಿಡೀ ಹಾಡುವವನಿಗೆ ಇದು ನೆನಪಿನ ಊರುಗೋಲು. ಕೇಳುವವರಿಗೆ ಉಸಿರಾಡಲು ಬಿಡುವು.

ಕಾಣದ ಕೇಳುಗರು

ಈ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ಹಿಂದೆ ಬೇಟೆಗೆ ಹೊರಟ ಗುಂಪು ಕಾಯ್ಚಿಯನ್ನೂ ಕರೆದುಕೊಂಡು ಹೋಗುತ್ತಿತ್ತು. ರಾತ್ರಿ ಬೆಂಕಿಯ ಪಕ್ಕ ಅವನು ಹಾಡಬೇಕು. ಕಾಡಿನ ಒಡೆಯನಿಗೆ ಕಥೆ ಅಂದರೆ ಪ್ರಾಣ, ಖುಷಿಯಾದರೆ ಪ್ರಾಣಿಗಳನ್ನು ಕೊಡುತ್ತಾನೆ ಎಂಬ ನಂಬಿಕೆ. ಹಾಡಿದವನಿಗೂ ಬೇಟೆಯಲ್ಲಿ ಪಾಲು ಸಿಗುತ್ತಿತ್ತು.

ಈ ನಂಬಿಕೆಯ ಸುತ್ತ ಒಂದು ಕಥೆ ಹಲವು ರೂಪಗಳಲ್ಲಿ ಓಡಾಡುತ್ತದೆ. ಒಬ್ಬ ಕಾಯ್ಚಿ ಹಾಡುತ್ತಿದ್ದಾನೆ. ಜೊತೆಯವನಿಗೆ ಕಾಣದ್ದನ್ನು ಕಾಣುವ ಕಣ್ಣಿದೆ. ಕಾಡಿನ ಶಕ್ತಿಗಳೆಲ್ಲ ಬಂದು ಹಾಡುಗಾರನ ಮೈಮೇಲೆ, ಸುತ್ತಮುತ್ತ ಕೂತಿರುವುದು ಅವನಿಗೆ ಕಾಣುತ್ತದೆ. ಜಾಗ ಸಿಗದ ಒಂದು ಶಕ್ತಿ ಕಾಯ್ಚಿಯ ಮೂಗಿನ ಮೇಲೆ ಕೂರಲು ಹೋಗಿ ಜಾರುತ್ತದೆ. ನೋಡಿದವನು ನಕ್ಕುಬಿಡುತ್ತಾನೆ. ಹಾಡುಗಾರ ತನ್ನನ್ನೇ ಗೇಲಿ ಮಾಡಿದ ಅಂದುಕೊಂಡು ಹಾಡು ನಿಲ್ಲಿಸುತ್ತಾನೆ. ಚಿಕ್ಕ ಕಥೆ. ಆದರೆ ಹಾಡಿನ ಸಭೆಯಲ್ಲಿ ಯಾರ್ಯಾರು ಇರುತ್ತಾರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಸಿದ್ಧಾಂತವೂ ಹೇಳಲಾರದು.

ಇದು ಗೊತ್ತಾದರೆ ಕಾಯ್ಚಿಯ ಕಟ್ಟುಪಾಡುಗಳೂ ಅರ್ಥವಾಗುತ್ತವೆ. ಕಥೆಯನ್ನು ಅರ್ಧಕ್ಕೆ ಬಿಡಬಾರದು. ಮೊಟಕು ಮಾಡಬಾರದು. ವೀರನನ್ನು ನಡುದಾರಿಯಲ್ಲಿ ಬಿಟ್ಟರೆ ಹಾಡಿದವನಿಗೇ ಕೇಡು, ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಎಲ್ಲ ಕಾಯ್ಚಿಗಳೂ ಒಂದೇ ಅಲ್ಲ. ಕಲಿತು ಹಾಡುವವರಿದ್ದರು. ಒಂದು ಶಕ್ತಿಯೇ ಆರಿಸಿಕೊಂಡು ಹಾಡಿಸುತ್ತದೆ ಎಂದು ಜನ ನಂಬುತ್ತಿದ್ದವರೂ ಇದ್ದರು. ಅಂಥವರನ್ನು ಎಏಲೂ ಕಾಯ್ಚಿ, ಅಂದರೆ ಒಡೆಯನುಳ್ಳ ಕಾಯ್ಚಿ ಎಂದು ಕರೆಯುತ್ತಿದ್ದರು.

ಈಗ ಸಂಗ್ರಹದ ಇತಿಹಾಸ ನೋಡಿ. ತುರ್ಕಿ ಭಾಷೆಗಳ ವಿದ್ವಾಂಸ ವಿಲ್ಹೆಲ್ಮ್ ರಾದ್ಲೊಫ್ ತಮ್ಮ ಜಾನಪದ ಸಂಗ್ರಹದ ಮೊದಲ ಸಂಪುಟವನ್ನು 1866ರಲ್ಲಿ ಹೊರತಂದರು. ಆಗ ಧ್ವನಿಮುದ್ರಣ ಇರಲಿಲ್ಲ. ಹಾಡುಗಾರ ನಿಧಾನವಾಗಿ ಹೇಳಬೇಕು, ಬರೆಯುವವರು ಬರೆದುಕೊಳ್ಳಬೇಕು. ಕುರುಡ ತುಬಲಾರ್ ಕಾಯ್ಚಿ ನಿಕೊಲಾಯ್ ಉಲಗಾಶೆವ್ (1861–1946) ಹೇಳಿದ ಕಥೆಗಳನ್ನು ಲೇಖಕ ಪಾವೆಲ್ ಕುಚಿಯಾಕ್ ಮೊದಲಾದವರು ಬರೆದುಕೊಂಡರು. ಬರೆಸುವಾಗ ತೊಪ್ಶೂರ್ ಬದಿಗೆ ಹೋಗುತ್ತದೆ, ಲಯ ಮುರಿಯುತ್ತದೆ, ಎದುರಿಗೆ ಪೆನ್ಸಿಲ್ ಹಿಡಿದ ಒಬ್ಬರೇ ಇರುತ್ತಾರೆ. ಹಾಗಾಗಿ ಯಾವುದೇ ಪಠ್ಯ ಕೈಗೆತ್ತಿಕೊಂಡರೂ ಅದು ಹಾಡಿದ್ದೋ ಬರೆಸಿದ್ದೋ ಎಂದು ಮೊದಲು ನೋಡಿ. 1958ರಿಂದ ಅಲ್ತಾಯ್ ಭಾಷೆಯಲ್ಲೇ ಬರತೊಡಗಿದ ‘ಅಲ್ತಾಯ್ ಬಾತಿರ್ಲಾರ್’ (ಅಲ್ತಾಯ್ ವೀರರು) ಎಂಬ ಮಹಾಕಾವ್ಯ ಸಂಪುಟಗಳನ್ನು ಬಳಸುವಾಗಲೂ ಈ ಎಚ್ಚರ ಇರಲಿ. ಆ ಸಂಪುಟಗಳು ಇಲ್ಲದಿದ್ದರೆ ನಮಗೆ ಓದಲು ಏನೂ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಸಂಗ್ರಹಕಾರರ ಶ್ರಮದ ಬಗ್ಗೆ ನನಗೆ ತುಂಬಾ ಗೌರವವಿದೆ.

ಆಚರಣೆಯ ಹಾಡುಗಳು

ಆಚರಣೆಯ ಹಾಡುಗಳಿಗೆ ಬಂದರೆ ಅದೇ ಪ್ರಶ್ನೆಗೆ ಉತ್ತರ ಇನ್ನೂ ನೇರ. ಅಲ್ಕಿಶ್ ಎಂಬ ಹಾರೈಕೆಯ ನುಡಿಗಳು ಅಲ್ತಾಯ್ ದೈವಕ್ಕೆ, ಬೆಟ್ಟದ ಕಣಿವೆದಾರಿಗೆ, ನೀರಿನ ಸೆಲೆಗೆ, ಮನೆಯ ಬೆಂಕಿಗೆ ಹೇಳುವಂಥವು. ಬೆಂಕಿಯನ್ನು ಮೂವತ್ತು ತಲೆಯ ಬೆಂಕಿತಾಯಿ, ನಲವತ್ತು ತಲೆಯ ಕನ್ಯೆತಾಯಿ ಎಂದು ಕರೆಯುತ್ತಾರೆ. ಹಾಲು ಚಿಮುಕಿಸುತ್ತಾರೆ, ಬೆಂಕಿಗೆ ಆಹಾರ ಹಾಕುತ್ತಾರೆ, ಮರಕ್ಕೆ ಜಲಮಾ ಎಂಬ ಬಟ್ಟೆಪಟ್ಟಿ ಕಟ್ಟುತ್ತಾರೆ. ವಸಂತದಲ್ಲಿ ಹಸಿರೆಲೆಯ ಪೂಜೆ, ಶರತ್ಕಾಲದಲ್ಲಿ ಹಳದಿ ಎಲೆಯ ಪೂಜೆ.

ಜಾಂಗಾರ್ ಹಾಡುಗಳು ಬೇರೆ. ಇವು ಜನ ಜನರಿಗೆ ಹಾಡುವುದು. ಚಿಕ್ಕ ಪದ್ಯಗಳು ಜೋಡಿಜೋಡಿಯಾಗಿ ಬರುತ್ತವೆ. ಮೊದಲು ಬೆಟ್ಟವೋ ಮರವೋ ಕುದುರೆಯೋ, ಆಮೇಲೆ ಮನಸ್ಸಿನ ಮಾತು. ಮದುವೆಯಲ್ಲಿ ವಧುವನ್ನು ಪರದೆಯ ಮರೆಯಲ್ಲಿ ಕರೆತರುವಾಗ ಎರಡೂ ಕಡೆಯವರು ಹಾಡುತ್ತಾರೆ.

ಇನ್ನು ಕಾಮ್, ಅಂದರೆ ಶಾಮನ್. ಅವನು ಡೋಲು ಬಡಿಯುತ್ತಾ ಮೇಲಿನ ಲೋಕದ ದೈವ ಉಲ್ಗೆನ್ ಬಳಿಗೋ ಕೆಳಗಿನ ಎರ್ಲಿಕ್ ಬಳಿಗೋ ಪಯಣ ಹೋಗುತ್ತಾನೆ. ಹಾಡು ಆ ಪಯಣದ ಭಾಗ. ಜನಾಂಗ ಅಧ್ಯಯನಕಾರ ಆಂದ್ರೇಯ್ ಅನೊಖಿನ್ ಈ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಕಾಮ್‌ನನ್ನೂ ಕಾಯ್ಚಿಯನ್ನೂ ಒಂದೇ ಎಂದು ಬರೆಯಬೇಡಿ. ಕಾಮ್ ತಾನೇ ಪಯಣ ಹೋಗುತ್ತಾನೆ. ಕಾಯ್ಚಿಯ ಕಥೆಯಲ್ಲಿ ಹೋಗುವವನು ವೀರ.

1904ರಲ್ಲಿ ಒಂದು ದೊಡ್ಡ ತಿರುವು. ಚೆತ್ ಚೆಲ್ಪಾನ್ ಎಂಬಾತ ಮತ್ತು ಅವನ ಸಾಕುಮಗಳು ಚುಗುಲ್ ದರ್ಶನ ಕಂಡರು ಎಂಬಲ್ಲಿಂದ ಅಕ್ ಜಾಂಗ್, ಅಂದರೆ ಬಿಳಿ ನಂಬಿಕೆ ಹಬ್ಬಿತು. ಬಿಳಿ ಕುದುರೆಯ ಸವಾರ, ಮರಳಿ ಬರುವ ದಂತಕಥೆಯ ಅರಸ ಓಯ್ರೊತ್ ಖಾನ್, ಇವು ದರ್ಶನದ ಚಿತ್ರಗಳು. ಮಹಾಕಾವ್ಯ ಕೇಳಿ ಬೆಳೆದವರಿಗೆ ಇವು ಎಷ್ಟು ಹತ್ತಿರ ಅನ್ನಿಸಿರಬೇಕು! ರಕ್ತಬಲಿ ಬೇಡ, ಕಾಮ್‌ಗಳ ಡೋಲು ಬೇಡ, ಹಾಲು ಮತ್ತು ಜುನಿಪರ್ ಹೊಗೆ ಸಾಕು ಎಂದಿತು ಈ ಪಂಥ. ಪ್ರಾರ್ಥನೆಗೆ ಸೇರಿದವರ ಮೇಲೆ ಹಲ್ಲೆ ನಡೆಯಿತು, ಚೆತ್ ಬಂಧನವಾಯಿತು. 1906ರಲ್ಲಿ ಕೋರ್ಟ್ ಬಿಡುಗಡೆ ಮಾಡಿತು. ಸೋವಿಯತ್ ಕಾಲದಲ್ಲಿ ಕಾಮ್‌ಗಳ ಮೇಲೂ ಈ ಪಂಥದ ಮೇಲೂ ದಮನ ನಡೆಯಿತು. ಕಾಯ್ ಮಾತ್ರ ಜನಪದ ಕಲೆ ಎಂಬ ಹೆಸರಿನಲ್ಲಿ ವೇದಿಕೆ ಹತ್ತಿ ಉಳಿಯಿತು.

1988ರಿಂದ ಎಲ್-ಓಯಿನ್ ಎಂಬ ಅಲ್ತಾಯ್ ಜನರ ಹಬ್ಬ ನಡೆಯುತ್ತಿದೆ. 1997ರಲ್ಲಿ ‘ಅಲ್ತಾಯ್ ಕಾಯ್’ ತಂಡ ಶುರುವಾಯಿತು. ಗಾಯಕರಾದ ನೊಗೊನ್ ಶುಮಾರೊವ್, ಬೊಲೊತ್ ಬಾಯ್ರಿಶೆವ್ ಕಾಯ್ ಧ್ವನಿಯನ್ನು ದೂರದ ದೇಶಗಳಿಗೆ ಕೊಂಡೊಯ್ದರು. ವೇದಿಕೆಯ ಮೇಲೆ ಕೆಲವೇ ನಿಮಿಷ ಸಿಗುತ್ತದೆ. ಅರ್ಧಕ್ಕೆ ಬಿಡಬಾರದು ಎಂಬ ಕಟ್ಟುಪಾಡಿಗೆ ಇಲ್ಲಿ ಜಾಗವಿಲ್ಲ. ಇದನ್ನು ನಷ್ಟ ಅಂತಷ್ಟೇ ಬರೆಯಲು ನನಗೆ ಮನಸ್ಸಿಲ್ಲ. ಗಂಡಸರದ್ದೇ ಅನ್ನಿಸಿಕೊಂಡಿದ್ದ ಈ ಗಾಯನವನ್ನು ಈಗ ಹೆಣ್ಣುಮಕ್ಕಳೂ ಹಾಡುತ್ತಿದ್ದಾರೆ.

ಮುಂದೆ ಓದುವವರು ‘ಓಚಿ-ಬಾಲಾ’ ಎತ್ತಿಕೊಳ್ಳಿ. 1997ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಅಚ್ಚಾದ ಈ ಕಾವ್ಯವೂ ಕಾಲ್ಕಿನ್ ಹಾಡಿದ್ದೇ. ಇದರಲ್ಲಿ ನಾಡು ಕಾಯುವುದು ಒಬ್ಬ ಹೆಣ್ಣು. ಮಾದಾಯ್-ಕಾರಾದ ಜೊತೆ ಇಟ್ಟು ಓದುವಾಗ ನಾಡಿನ ವರ್ಣನೆ ಎರಡರಲ್ಲೂ ಎಲ್ಲಿ ಒಂದೇ ಥರ ಬರುತ್ತದೆ, ಕುದುರೆ ಯಾವಾಗ ಬಾಯಿ ಬಿಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕಾಲ್ಕಿನ್ ಅವರ ಧ್ವನಿಮುದ್ರಣ ಸಿಕ್ಕರೆ ಮೊದಲ ಸಲ ಪಠ್ಯ ಮುಚ್ಚಿಟ್ಟು ಕೇಳಿ. ಮಾತು ನಿಂತು ತೊಪ್ಶೂರ್ ಒಂದೇ ಓಡುವ ಜಾಗಗಳನ್ನು ಆಮೇಲೆ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಿ.