ಮೂಲೆಯಿಂದ ಮೂಲೆಗೆ ಎಷ್ಟು ಇಂಚು?

ಅಮ್ಮನ ಹಳೇ ಫೋನಿನ ಬ್ಯಾಟರಿ ಉಬ್ಬಿಕೊಂಡಿತ್ತು. ಹೊಸದು ತರೋಣ ಅಂತ ಇಬ್ಬರೂ ಅಂಗಡಿಗೆ ಹೋದೆವು. "ಆಂಟಿ, ನಿಮ್ಮದು 5.5 ಇಂಚು, ಇದು 6.7. ಸೀರಿಯಲ್ ನೋಡಿದ್ರೆ ಥಿಯೇಟರ್ ಥರ ಇರುತ್ತೆ" ಅಂದ ಅಂಗಡಿ ಹುಡುಗ. ಅಮ್ಮ ಎರಡನ್ನೂ ಗಾಜಿನ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದಳು. "ಉದ್ದ ಬೆಳೆದಿದೆ ಕಣಪ್ಪ. ಅಗಲ ಎಲ್ಲಿ ಬೆಳೆದಿದೆ?" ಅಂದಳು. ಹುಡುಗ ನಕ್ಕ. ನಾನೂ ನಕ್ಕೆ. ಏನೂ ಕೊಳ್ಳದೆ ಮನೆಗೆ ಬಂದು ಸ್ಕೇಲ್ ಹಿಡಿದು ಕೂತ ಮೇಲೆ ನನ್ನ ನಗು ನಿಂತಿತು.

ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವಲ್ಲ, ಅವನ್ನು ತೆಗೆದುಕೊಂಡೆ. ಒಳ್ಳೇ ದಪ್ಪ ರಟ್ಟು. ಒಂದೊಂದು ಸ್ಕ್ರೀನಿನ ಅಳತೆಗೆ ಒಂದೊಂದು ಆಯತ ಕತ್ತರಿಸಿದೆ. ಲೆಕ್ಕ ಹೈಸ್ಕೂಲಿನದು, ಪೈಥಾಗರಸ್ ಪ್ರಮೇಯ ಸಾಕು. ಅಂಗಡಿಯವರು ಹೇಳುವ ಇಂಚು ಸ್ಕ್ರೀನಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಇರುವ ದೂರ. ಟೀವಿ ಕಾಲದಿಂದ ಬಂದ ರೂಢಿ ಅದು. ಎರಡು ಸ್ಕ್ರೀನಿನ ಆಕಾರ ಒಂದೇ ಆಗಿದ್ದರೆ ಈ ಅಳತೆಯಿಂದ ತೊಂದರೆಯಿಲ್ಲ. ಆಕಾರವೇ ಬದಲಾಗಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ಅಮ್ಮನ ಹಳೇ ಫೋನಿನ ಆಕಾರ ಟೀವಿಯದೇ. ಉದ್ದ 16 ಪಾಲು, ಅಗಲ 9 ಪಾಲು. ಈಗಿನ ಬಹುತೇಕ ಫೋನುಗಳಲ್ಲಿ ಉದ್ದ 20 ಪಾಲು, ಅಗಲ ಅದೇ 9. ಕತ್ತರಿಸಿ ನೋಡಿದರೆ 5.5 ಇಂಚಿನ ಹಳೇ ಸ್ಕ್ರೀನಿನ ಅಗಲ 6.85 ಸೆಂಟಿಮೀಟರ್. ಹೊಸ 6.7 ಇಂಚಿನದರ ಅಗಲ 6.98. ಒಂದೂ ಕಾಲು ಮಿಲಿಮೀಟರಿನಷ್ಟು ಹೆಚ್ಚು, ಅಷ್ಟೇ! ಉದ್ದ ಮಾತ್ರ 12.2ರಿಂದ 15.5ಕ್ಕೆ ಹೋಗಿದೆ. ಇನ್ನೂ ತಮಾಷೆ ಅಂದರೆ 6.1 ಇಂಚಿನ ಹೊಸ ಸ್ಕ್ರೀನು. ಅದರ ಅಗಲ ಬರೀ 6.36 ಸೆಂಟಿಮೀಟರ್. 5.5 ಇಂಚಿನ ಹಳೇ ಸ್ಕ್ರೀನಿಗಿಂತ ಅದು ಅರ್ಧ ಸೆಂಟಿಮೀಟರ್ ಸಪೂರ. ಇಂಚು ಜಾಸ್ತಿ, ಅಗಲ ಕಡಿಮೆ.

ಸೀರಿಯಲ್ ವಿಷಯಕ್ಕೆ ಬರೋಣ. ಸೀರಿಯಲ್, ಕ್ರಿಕೆಟ್, ಯೂಟ್ಯೂಬಿನ ಅಡುಗೆ ವಿಡಿಯೋ, ಇವೆಲ್ಲ ಬಹುಪಾಲು ಇನ್ನೂ 16:9 ಆಕಾರದಲ್ಲೇ ಬರುತ್ತವೆ. ಫೋನನ್ನು ಅಡ್ಡ ಹಿಡಿದರೆ ಚಿತ್ರ ಮೇಲೆ ಕೆಳಗೆ ಪೂರ್ತಿ ತುಂಬುತ್ತದೆ, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯುತ್ತದೆ. ಆಗ ಚಿತ್ರದ ಗಾತ್ರ ನಿರ್ಧಾರವಾಗುವುದು ಫೋನಿನ ಅಗಲದಿಂದ. ಲೆಕ್ಕ ಹಾಕಿದೆ. 6.7 ಇಂಚಿನ ಫೋನಿನಲ್ಲಿ ಅಮ್ಮನ ಸೀರಿಯಲ್ ಕಾಣುವುದು 5.6 ಇಂಚಿಗೆ. ಹಳೇದರಲ್ಲಿ ಕಾಣುತ್ತಿದ್ದದ್ದು 5.5 ಇಂಚಿಗೆ. ಅಂಗಡಿ ಹುಡುಗನ ಥಿಯೇಟರ್ ಎಲ್ಲಿ ಹೋಯಿತು? ಸ್ಕೋಪ್ ಸಿನಿಮಾ, ಅಂದರೆ ಟೀವಿಗಿಂತ ಉದ್ದನೆಯ ಚಿತ್ರ, ನೋಡುವವರಿಗೆ ಮಾತ್ರ ಆ ಉದ್ದ ನಿಜಕ್ಕೂ ಉಪಯೋಗ. ವಾಟ್ಸಾಪ್ ಓದುವವರಿಗೂ ಇನ್ನೊಂದು ನಾಲ್ಕು ಸಾಲು ಜಾಸ್ತಿ ಸಿಗುತ್ತದೆ.

ಹೀಗೆ ಉದ್ದಕ್ಕೆ ಬೆಳೆದಿದ್ದು ಯಾಕೆ? ಕೈ ಬೆಳೆಯುವುದಿಲ್ಲವಲ್ಲ, ಅದಕ್ಕೆ. 2007ರ ಮೊದಲ ಐಫೋನಿನ ಸ್ಕ್ರೀನ್ 3.5 ಇಂಚು. ಕೈಗೆ ಸಿಗದಷ್ಟು ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲ ಅಂತ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ 2010ರಲ್ಲಿ ಹೇಳಿದ್ದರು. ಮಾರನೇ ವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಜನ ನಕ್ಕರು, ಆಮೇಲೆ ಕೊಂಡರು. 2014ರಲ್ಲಿ ಆ್ಯಪಲ್ ಕೂಡ 5.5 ಇಂಚಿಗೆ ಬಂತು. ಅಷ್ಟರಲ್ಲಿ ಫೋನಿನ ಅಗಲ ಅಂಗೈಯ ಮಿತಿ ಮುಟ್ಟಿತ್ತು. ಇನ್ನು ಬೆಳೆಯಬೇಕಾದರೆ ಮೇಲಕ್ಕೇ. 2017ರಲ್ಲಿ ಎಲ್‌ಜಿ ಜಿ6, ಗ್ಯಾಲಕ್ಸಿ ಎಸ್8 ಆ ದಾರಿ ಹಿಡಿದವು, ಉಳಿದವರೂ ಹಿಂದೆಯೇ ಹೊರಟರು.

ಆದರೆ ಮೇಲಕ್ಕೆ ಬೆಳೆದರೂ ಕೈ ಸುಮ್ನೆ ಬಿಡುವುದಿಲ್ಲ. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳು ಆಡಿಸಿ ನೋಡಿ. ಅದು ಕಾರಿನ ವೈಪರ್ ಥರ ಬುಡದ ಕೀಲಿನ ಸುತ್ತ ಒಂದು ಕಮಾನು ಬಿಡಿಸುತ್ತದೆ. ಆ ಕಮಾನಿನ ಒಳಗೆ ಇರುವುದೆಲ್ಲ ಸಲೀಸು. ಎದುರಿನ ಮೇಲ್ಮೂಲೆ ಮುಟ್ಟಬೇಕಾದರೆ ಹಿಡಿತ ಸಡಿಲಿಸಿ, ಫೋನನ್ನು ಅಂಗೈಯಲ್ಲಿ ಜಾರಿಸಿ, ಕಿರುಬೆರಳನ್ನು ಕೆಳಗೆ ಆಸರೆ ಕೊಟ್ಟು ಸರ್ಕಸ್ ಮಾಡಬೇಕು. ಫೋನ್ ಬೀಳುವುದು ಈ ಗಳಿಗೆಯಲ್ಲೇ. ನನ್ನದು ಹಾಗೇ ಬಿದ್ದದ್ದು, ತುಂಬಿದ ಬಸ್ಸಿನಲ್ಲಿ, ಒಂದು ಕೈ ಕಂಬಿ ಹಿಡಿದಿದ್ದಾಗ.

ಭಾರದ ಕಥೆಯೂ ಇದೇ. ಗ್ಯಾಲಕ್ಸಿ ಎಸ್24ರ ತೂಕ 167 ಗ್ರಾಂ, ಅದರ ಅಣ್ಣ ಎಸ್24 ಅಲ್ಟ್ರಾ 232. ವ್ಯತ್ಯಾಸ ಒಂದು ಕೋಳಿಮೊಟ್ಟೆಗಿಂತ ತುಸು ಜಾಸ್ತಿ. ಇಷ್ಟೇನಾ ಅನ್ನಬೇಡಿ. ಸಾರು ತುಂಬಿದ ಸೌಟನ್ನು ಹಿಡಿಯ ತುದಿಯಲ್ಲಿ ಹಿಡಿದಾಗಲೂ, ಬಟ್ಟಲಿನ ಹತ್ತಿರ ಹಿಡಿದಾಗಲೂ ಸಾರು ಅಷ್ಟೇ ಇರುತ್ತದೆ. ಮಣಿಕಟ್ಟಿಗೆ ಮಾತ್ರ ತುದಿಯಲ್ಲಿ ಹಿಡಿದಾಗ ಜಾಸ್ತಿ ಭಾರ. ಉದ್ದನೆಯ ಫೋನನ್ನು ನಾವು ಹಿಡಿಯುವುದೂ ಬುಡದಲ್ಲೇ, ಕೀಬೋರ್ಡ್ ಇರುವುದು ಅಲ್ಲಿ ತಾನೇ. ಮೇಲೆ ಉಳಿದ ಉದ್ದವೆಲ್ಲ ಸನ್ನೆಕೋಲಾಗಿ ಹೆಬ್ಬೆರಳಿನ ಬುಡವನ್ನು ಜಗ್ಗುತ್ತದೆ.

ಎಲ್ಲರೂ ಒಂದೇ ಕೈಯಲ್ಲಿ ಬಳಸುತ್ತಾರಾ? 2013ರಲ್ಲಿ ಸ್ಟೀವನ್ ಹೂಬರ್ ಅನ್ನುವ ವಿನ್ಯಾಸಕಾರರು ಬೀದಿ, ಬಸ್ಸು, ವಿಮಾನ ನಿಲ್ದಾಣಗಳಲ್ಲಿ ಫೋನ್ ಬಳಸುತ್ತಿದ್ದವರನ್ನು ಸುಮ್ಮನೆ ಗಮನಿಸಿ ಪಟ್ಟಿ ಮಾಡಿದರು. 1,333 ಸಲದ ಲೆಕ್ಕದಲ್ಲಿ ಪರದೆ ಮುಟ್ಟಿ ಬಳಸುತ್ತಿದ್ದವರು 780. ಅವರಲ್ಲಿ ಒಂದೇ ಕೈ ಬಳಸಿದವರು ಶೇ. 49. ಆಗಿನ ಫೋನುಗಳು ಚಿಕ್ಕವು ಅನ್ನುವುದು ನೆನಪಿರಲಿ. ಈಗ ಸಾಫ್ಟ್‌ವೇರೇ ಬೆರಳಿನ ಹತ್ತಿರಕ್ಕೆ ಇಳಿದು ಬರುತ್ತಿದೆ. 2021ರಲ್ಲಿ ಐಫೋನಿನ ಸಫಾರಿ ಬ್ರೌಸರ್ ತನ್ನ ವಿಳಾಸದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ತಂದಿತು. ಅದೇ ವರ್ಷದ ಆಂಡ್ರಾಯ್ಡ್ 12ರಲ್ಲಿ ಇಡೀ ಪರದೆಯನ್ನು ಕೆಳಗೆ ಎಳೆದುಕೊಳ್ಳುವ ಒಂಟಿಗೈ ವಿಧಾನ ಸೇರಿತು. ದೊಡ್ಡ ಮನೆ ಕಟ್ಟಿ, ಆಮೇಲೆ ಎಲ್ಲ ಸಾಮಾನನ್ನೂ ಬಾಗಿಲ ಹತ್ತಿರ ಪೇರಿಸಿಟ್ಟ ಹಾಗೆ.

ಇನ್ನು ಕಣ್ಣು. "ನನಗೆ ಅಕ್ಷರ ಕಾಣಲ್ಲ, ದೊಡ್ಡದೇ ಇರಲಿ" ಅನ್ನುವುದು ಅಮ್ಮನ ವಾದ. ನಲವತ್ತು ದಾಟಿದವರೆಲ್ಲ ಹೇಳುವ ಮಾತು. ಕಣ್ಣಿನ ಮಸೂರ ವಯಸ್ಸಾದ ಹಾಗೆ ಗಡುಸಾಗುತ್ತದೆ, ಹತ್ತಿರದ್ದನ್ನು ನೋಡಲು ಬಾಗುವುದಿಲ್ಲ. ಅದಕ್ಕೇ ಚಾಳೀಸು ಬರುವುದು. ಕನ್ನಡಕ ಇಲ್ಲದವರು ಏನು ಮಾಡುತ್ತಾರೆ? ಕೈ ಚಾಚುತ್ತಾರೆ. ಮೂವತ್ತು ಸೆಂಟಿಮೀಟರಿನಲ್ಲಿದ್ದ ಫೋನು ನಲವತ್ತೈದಕ್ಕೆ ಹೋಗುತ್ತದೆ. ಆಗ ಅಕ್ಷರ ಕಣ್ಣಿಗೆ ಮೊದಲಿನ ಮೂರರಲ್ಲಿ ಎರಡು ಪಾಲು ಗಾತ್ರಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಅಕ್ಷರ ಒಂದೂವರೆ ಪಟ್ಟು ಆಗಬೇಕು. ಆದರೆ 6.1 ಇಂಚು ಬಿಟ್ಟು 6.7 ತಗೊಂಡರೆ ಅಗಲ ಹೆಚ್ಚುವುದು ಬರೀ ಶೇ. 10. ಬೇಕಾದದ್ದು ಐವತ್ತು, ಸಿಗುವುದು ಹತ್ತು. ಜೊತೆಗೆ, ಸ್ಕ್ರೀನ್ ದೊಡ್ಡದಾದ ಮಾತ್ರಕ್ಕೆ ಅಕ್ಷರ ತಾನಾಗೇ ದೊಡ್ಡದಾಗುವುದೂ ಇಲ್ಲ. ಸಾಮಾನ್ಯವಾಗಿ ಅಷ್ಟೇ ಗಾತ್ರದ ಅಕ್ಷರಗಳು ಇನ್ನಷ್ಟು ಹಿಡಿಸುತ್ತವೆ. ಗಾತ್ರ ಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಬೇಕು. ಅಥವಾ ಕಣ್ಣಿನ ಡಾಕ್ಟರ ಹತ್ತಿರ.

ಕನ್ನಡ ಓದುವವರಿಗೆ ಇಲ್ಲಿ ಇನ್ನೂ ಒಂದು ಪೇಚು. ನಮ್ಮ ದ-ಧ, ಪ-ಫ ನಡುವೆ ಇರುವುದು ಬರೀ ಒಂದು ಹೊಟ್ಟೆ ಸೀಳು. ಪರದೆಯ ಒಂದೆರಡು ಚುಕ್ಕಿ (ಪಿಕ್ಸೆಲ್) ಕಲೆಸಿಹೋದರೂ ಆ ಸೀಳು ಮಾಯ. ಒಳ್ಳೇ ದೃಷ್ಟಿ ಇರುವವರ ಕಣ್ಣು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಮಿಲಿಮೀಟರಿನ ಹನ್ನೊಂದನೇ ಒಂದು ಪಾಲಿನಷ್ಟು ಸಣ್ಣದನ್ನು ಗುರುತಿಸುತ್ತದೆ. ಇಂಚಿಗೆ ಸುಮಾರು 290 ಚುಕ್ಕಿ ಅಂತಾಯಿತು. ಅಗ್ಗದ 6.7 ಇಂಚಿನ ಫೋನುಗಳಲ್ಲಿ ಹಲವಕ್ಕೆ 720 ಗುಣಿಸು 1600 ಚುಕ್ಕಿಗಳಷ್ಟೇ ಇರುತ್ತವೆ. ಇಂಚಿಗೆ 262 ಬಿತ್ತು. ಚುಕ್ಕಿ ಅಷ್ಟೇ ಇಟ್ಟು ಪರದೆ ಹಿಗ್ಗಿಸಿದರೆ ಆಗುವುದೇ ಇದು, ರಬ್ಬರ್ ಬಲೂನಿನ ಮೇಲಿನ ಚಿತ್ರ ಊದಿದ ಹಾಗೆ. ಹಾಗಾಗಿ ದೊಡ್ಡದೇ ಬೇಕು ಅಂದರೆ ಅಗಲಕ್ಕೆ 1080 ಚುಕ್ಕಿ ಇರುವುದನ್ನು ಕೇಳಿ. ಅಗಲದ ಮಾತೂ ಇದೆ. ಕನ್ನಡದ ಪದಗಳು ರೈಲು ಡಬ್ಬಿ ಥರ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಕ್ಷರ ದೊಡ್ಡದು ಮಾಡಿ, ಸಪೂರ ಫೋನಿನಲ್ಲಿ "ತಿಳಿದುಕೊಳ್ಳಬೇಕಾಗಿರುವುದರಿಂದ" ಅಂತ ಬರೆದು ನೋಡಿ. ಒಂದು ಸಾಲಿಗೆ ಒಂದೇ ಪದ!

ಸಣ್ಣ ಫೋನು ನನಗಿಷ್ಟ. ಆದರೂ ಅದರ ಪರವಾಗಿ ಸುಳ್ಳು ಹೇಳಲಾರೆ, ಬ್ಯಾಟರಿಯ ಕಷ್ಟ ನಿಜ. 2020ರ ಐಫೋನ್ 12 ಮಿನಿ ನೋಡಿ. 5.4 ಇಂಚಿನ ಪರದೆ, 2227 ಎಂಎಎಚ್ ಬ್ಯಾಟರಿ. ಅದರ ಜೊತೆಗೇ ಬಂದ 6.1 ಇಂಚಿನ ಐಫೋನ್ 12ರಲ್ಲಿ 2815. ಪರದೆಯ ವಿಸ್ತೀರ್ಣವೂ ಬ್ಯಾಟರಿಯೂ ಸರಿಸುಮಾರು ಐದರಲ್ಲೊಂದು ಪಾಲು ಕಡಿಮೆ. ಸರಿಯಾಯಿತಲ್ಲ ಅನ್ನಿಸುತ್ತದೆ. ಆದರೆ ಪ್ರೊಸೆಸರ್, ನೆಟ್‌ವರ್ಕ್ ಹುಡುಕುವ ಮೋಡೆಮ್, ಇವುಗಳ ಹಸಿವು ಫೋನ್ ಚಿಕ್ಕದಾಯಿತು ಅಂತ ಕಡಿಮೆಯಾಗುವುದಿಲ್ಲ. ಕ್ಯಾಮೆರಾ ಕೂಡ ಒಳಗೆ ಅಷ್ಟೇ ಜಾಗ ಕೇಳುತ್ತದೆ. ಎಲ್ಲರಿಗೂ ಬಡಿಸಿ ಉಳಿದದ್ದು ಬ್ಯಾಟರಿಗೆ. ಪೂರ್ತಿ ಚಾರ್ಜಿನಲ್ಲಿ ವಿಡಿಯೋ ಎಷ್ಟು ಹೊತ್ತು ಓಡುತ್ತದೆ ಅಂದರೆ, ಆ್ಯಪಲ್ ಹೇಳಿದ ಲೆಕ್ಕವೇ ದೊಡ್ಡದಕ್ಕೆ 17 ಗಂಟೆ, ಮಿನಿಗೆ 15. 2021ರ 13 ಮಿನಿ ಆದ ಮೇಲೆ ಮಿನಿಗಳೇ ನಿಂತುಹೋದವು. ಎಲ್ಲವನ್ನೂ ಚಿಕ್ಕ ಡಬ್ಬಿಗೆ ತುರುಕುವುದು ದುಬಾರಿ ಕೆಲಸ. ಹಾಗಾಗಿ ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಯ ಫೋನೆಲ್ಲ ದೊಡ್ಡವೇ. ಸಣ್ಣದು ಬೇಕಾದರೆ ಜಾಸ್ತಿ ದುಡ್ಡು ಕೊಡಬೇಕು. ವಿಚಿತ್ರ, ಅಲ್ವಾ?

ಅಂಗಡಿಗೆ ಹೋಗುವಾಗ ನಾನೀಗ ಇಂಚು ಕೇಳುವುದಿಲ್ಲ. ಡಬ್ಬಿಯ ಹಿಂದೆಯೋ ಕಂಪನಿಯ ವೆಬ್‌ಸೈಟಿನಲ್ಲೋ ಮಿಲಿಮೀಟರಿನಲ್ಲಿ ಇರುವ ಫೋನಿನ ಅಗಲ ನೋಡುತ್ತೇನೆ. ಸ್ಕೇಲ್ ಇಲ್ಲದಿದ್ದರೆ ಪರ್ಸಿನಲ್ಲಿ ಎಟಿಎಂ ಕಾರ್ಡ್ ಇದ್ದೇ ಇರುತ್ತದೆ, ಅದರ ಅಗಲ ಎಲ್ಲ ಬ್ಯಾಂಕಿನದೂ 54 ಮಿಲಿಮೀಟರ್. 12 ಮಿನಿ ಅಂದರೆ ಕಾರ್ಡಿಗಿಂತ ಒಂದು ಸೆಂಟಿಮೀಟರ್ ಅಗಲ. ಎಸ್24 ಅಲ್ಟ್ರಾ ಎರಡೂವರೆ ಸೆಂಟಿಮೀಟರ್ ಅಗಲ. ನನ್ನ ಕೈಗೆ ಒಂದೂವರೆಯ ಆಸುಪಾಸು ಸರಿಹೊಂದುತ್ತದೆ.

ಅಮ್ಮನಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದೆ. 6.1ರ ರಟ್ಟನ್ನು ಕೈಗಿತ್ತು, ಇದೇ ಹಗುರ, ಜೊತೆಗೆ ಹೊಸ ಕನ್ನಡಕ ಮಾಡಿಸೋಣ ಅಂದೆ. ಅವಳು ರಟ್ಟನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ಸೀದಾ ಅಡುಗೆಮನೆಗೆ ಹೋಗಿ ಅಕ್ಕಿಹಿಟ್ಟಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದಳು. ಆಗ ಹೊಳೆಯಿತು, ಅವಳು ಫೋನ್ ಹಿಡಿಯುವುದೇ ಕಡಿಮೆ. ಒರಗಿಸುತ್ತಾಳೆ, ತೋರುಬೆರಳಿನಿಂದ ಒತ್ತುತ್ತಾಳೆ, ಮಾತಾಡುವುದು ಸ್ಪೀಕರಿನಲ್ಲಿ. ಹೆಬ್ಬೆರಳಿನ ಕಮಾನೂ ಸೌಟಿನ ಸನ್ನೆಕೋಲೂ ಅವಳಿಗೆ ಸಂಬಂಧವೇ ಇಲ್ಲ.

"ಇದು ಸಾಲಲ್ಲ ಕಣೇ, ಆ ಉದ್ದದ್ದನ್ನೇ ತಗೋಣ. ಒಲೆ ಹತ್ತಿರದಿಂದ ಕಾಣಬೇಕು" ಅಂದಳು.

1080 ಚುಕ್ಕಿಯ 6.7 ತಂದೆವು. ಕನ್ನಡಕವೂ ಆಯಿತು. 6.1ರ ರಟ್ಟಿನ ಹಿಂದೆ ಈಗ ಹಾಲಿನ ಲೆಕ್ಕ ಇದೆ.