ಟಾಪಲ್ಲೇ ಏರಿಸಿದ್ದು ಮಾರಾಯ!

ನನ್ನ ಮೇಜಿನ ಮೇಲೆ ಬಿಲ್ ಪುಸ್ತಕದ ಹಾಳೆ ಹಾರದಂತೆ ಇಟ್ಟಿರುವುದು ಒಂದು ಪಿಸ್ಟನ್. ಒಂದು ಲೀಟರಿನ, ಮೂರು ಸಿಲಿಂಡರಿನ, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇರುವ ಪೆಟ್ರೋಲ್ ಇಂಜಿನ್ನಿನದ್ದು. ಕಂಪನಿಯ ಹೆಸರು ಬೇಡ, ತಪ್ಪು ಅವರದ್ದಲ್ಲ. ಮೇಲಿನಿಂದ ನೋಡಿದರೆ ಅದಕ್ಕೆ ಏನೂ ಆಗಿಲ್ಲ. ಕರಗಿಲ್ಲ, ತೂತು ಬಿದ್ದಿಲ್ಲ. ಬದಿಗೆ ತಿರುಗಿಸಿದರೆ, ಪಿಸ್ಟನ್ನಿನ ಸುತ್ತ ಬಳೆಯ ಹಾಗೆ ಕೂರುವ ಒಂದನೇ ರಿಂಗಿಗೂ ಎರಡನೇ ರಿಂಗಿಗೂ ನಡುವೆ ಇರಬೇಕಾದ ಅಂಚು ಅರ್ಧ ಕಿರುಬೆರಳಿನಷ್ಟು ಉದ್ದಕ್ಕೆ ಎದ್ದುಹೋಗಿದೆ. ಮುರಿದ ಜಾಗ ಕಲ್ಲುಸಕ್ಕರೆ ಒಡೆದ ಹಾಗೆ ಕಾಳುಕಾಳಾಗಿ ಹೊಳೆಯುತ್ತದೆ.

ಬಂದವರೆಲ್ಲ ಅದನ್ನು ಎತ್ತಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಯಾವ ಹುಡುಗನದ್ದು? ರೇಸ್ ಬಿಟ್ಟದ್ದಾ?"

ಅಲ್ಲ. ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದ ಮಾಷ್ಟ್ರ ಗಾಡಿಯದು. ಅರವತ್ತರ ಮೇಲೆ ಓಡಿಸಿದವರಲ್ಲ ಅವರು.

ಶಾರ್ಜಾದಲ್ಲಿ ಒಂಬತ್ತು ವರ್ಷ ದೊಡ್ಡ ದೊಡ್ಡ ವಿ8 ಗಾಡಿಗಳ ಅಡಿಯಲ್ಲಿ ಮಲಗಿ ಎಣ್ಣೆ ಕುಡಿದು ಬಂದವನು ನಾನು. ಈಗ ಕಾಸರಗೋಡಿನ ಬದಿಯಡ್ಕದ ಹತ್ತಿರ ಸ್ವಂತ ಗ್ಯಾರೇಜ್. ಸಂಜೆ ಹುಡುಗರು ಬೈಕ್ ನಿಲ್ಲಿಸಿ ಕೇಳುತ್ತಾರೆ: "ಅಣ್ಣ, ಇನ್ನು ಸ್ಪೋರ್ಟ್ಸ್ ಕಾರಿನ ಕಥೆ ಮುಗಿಯಿತಾ? ಎಲ್ಲ ಬ್ಯಾಟರಿಯೇ ಆಗುವುದಾ?" ಉತ್ತರ ಹೇಳಬಹುದು. ಆದರೆ ಅದಕ್ಕೆ ಮೊದಲು ಈ ಪಿಸ್ಟನ್ ಯಾಕೆ ಮುರಿಯಿತು ಎಂದು ಗೊತ್ತಾಗಬೇಕು. ಅದೊಂದು ತಲೆಗೆ ಹೋದರೆ ಮುಂದಿನ ಇಪ್ಪತ್ತು ವರ್ಷದ ಇಂಜಿನ್ ಯಾವ ಕಡೆಗೆ ಹೋಗುತ್ತದೆ ಎಂಬುದು ಅರ್ಧ ತಾನಾಗಿಯೇ ತಿಳಿಯುತ್ತದೆ.

ನಮ್ಮ ಕಡೆ ಡ್ರೈವಿಂಗ್ ಕಲಿತವರೆಲ್ಲ ಜೀಪಿನಲ್ಲಿ ಕಲಿತವರು. ಬಂದಡ್ಕ, ಆದೂರು, ಮುಳ್ಳೇರಿಯ ಕಡೆಗೆ ಹದಿನಾಲ್ಕು ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಡೀಸೆಲ್ ಜೀಪು. ಒಳ್ಳೆಯ ಡ್ರೈವರ್ ಎಂದರೆ ಗೇರ್ ಇಳಿಸದೆ ಏರು ಹತ್ತಿಸುವವನು. "ಅವ ಟಾಪಲ್ಲೇ ಏರಿಸ್ತಾನೆ" ಎಂಬುದು ದೊಡ್ಡ ಸರ್ಟಿಫಿಕೇಟು. ಆ ಜೀಪಿನ ಇಂಜಿನ್ ದಪ್ಪ ಕಬ್ಬಿಣ, ಕಡಿಮೆ ಸುತ್ತಿನಲ್ಲಿ ಗುಡುಗುಡು ಎಳೆಯುವುದೇ ಅದರ ಕಸುಬು. ಮಾಷ್ಟ್ರು ಕಲಿತದ್ದೂ ಅದರಲ್ಲಿ, ನಾನು ಕಲಿತದ್ದೂ ಅದರಲ್ಲಿ.

ಈಗ ಅದೇ ಅಭ್ಯಾಸವನ್ನು ಒಂದು ಲೀಟರಿನ ಟರ್ಬೊ ಪೆಟ್ರೋಲಿಗೆ ಹಾಕುತ್ತೇವೆ. ಆರನೇ ಗೇರು, ಐವತ್ತೈದರ ವೇಗ, ಐದು ಜನ, ಡಿಕ್ಕಿಯಲ್ಲಿ ಹಲಸಿನಕಾಯಿ. ಏರು ಬಂತು. ಗೇರ್ ಇಳಿಸುವುದಿಲ್ಲ, ಆಕ್ಸಿಲೇಟರ್ ನೆಲಕ್ಕೆ ಒತ್ತುತ್ತೇವೆ. ಮೀಟರಿನಲ್ಲಿ ಇಂಜಿನ್ ನಿಮಿಷಕ್ಕೆ ಸಾವಿರದ ಇನ್ನೂರೋ ಮುನ್ನೂರೋ ಸುತ್ತು. ಗಾಡಿ ಸ್ವಲ್ಪ ನಡುಗುತ್ತದೆ, ಆದರೂ ಎಳೆಯುತ್ತದೆ. ಎಳೆಯುತ್ತದೆಂಬ ಕಾರಣಕ್ಕೇ ಎಲ್ಲರೂ ಮೋಸ ಹೋಗುವುದು. ಹಳೆಯ ಪೆಟ್ರೋಲ್ ಗಾಡಿ ಈ ಸ್ಥಿತಿಯಲ್ಲಿ ಕೈ ಎತ್ತುತ್ತಿತ್ತು, ಚಾಲಕ ವಿಧಿಯಿಲ್ಲದೆ ಗೇರ್ ಇಳಿಸುತ್ತಿದ್ದ. ಟರ್ಬೊ ಕೈ ಎತ್ತುವುದಿಲ್ಲ.

ಒಂದು ಲೆಕ್ಕ ನೋಡಿ. 2024ಕ್ಕೆ ಮೊದಲಿನ, ಟರ್ಬೊ ಇಲ್ಲದ 1.2 ಲೀಟರಿನ ಸ್ವಿಫ್ಟ್ ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 113 ಎನ್‌ಎಂ (ನ್ಯೂಟನ್ ಮೀಟರ್), ಅದೂ ನಾಲ್ಕು ಸಾವಿರ ಸುತ್ತಿನ ಮೇಲೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಒಂದು ಲೀಟರಿನ ಟಿಎಸ್‌ಐ ಎಂಬ ಟರ್ಬೊ ಇಂಜಿನ್ 178 ಎನ್‌ಎಂ ಕೊಡುತ್ತದೆ, 1750 ಸುತ್ತಿನಿಂದಲೇ. ಚಿಕ್ಕ ಪಾತ್ರೆಯಲ್ಲಿ ಹೆಚ್ಚು ಬೇಯಿಸುತ್ತಿದ್ದೇವೆ ಎಂದಾಯಿತು. ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಸರಾಸರಿ ಒತ್ತಡ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸುಮಾರು 12 ಬಾರ್, ಎರಡನೆಯದರಲ್ಲಿ 22 ದಾಟುತ್ತದೆ. ಹತ್ತಿರಹತ್ತಿರ ಎರಡು ಪಟ್ಟು. ಇಂಜಿನ್ ಮಾಡಿದವರಿಗೆ ಇದು ಗೊತ್ತು, ಅದಕ್ಕೆ ತಕ್ಕ ಗಟ್ಟಿಯನ್ನೂ ಕೊಟ್ಟಿದ್ದಾರೆ. ಮೇಲೆ ಹೇಳಿದ ಗಾಡಿಗಳು ಉದಾಹರಣೆಗೆ ಮಾತ್ರ. ನನ್ನ ಮೇಜಿನ ಪಿಸ್ಟನ್ನಿಗೆ ಅವುಗಳನ್ನು ಗಂಟು ಹಾಕಬೇಡಿ.

ಸಮಸ್ಯೆ ಒತ್ತಡದ್ದಲ್ಲ, ಸಮಯದ್ದು. ಇದನ್ನು ಮಾಷ್ಟ್ರಿಗೆ ವಿವರಿಸಲು ಬಿಲ್ ಪುಸ್ತಕದ ಹಿಂದೆಯೇ ಬರೆದೆ. 1400 ಸುತ್ತಿನಲ್ಲಿ ಒಂದು ಸುತ್ತಿಗೆ ಎಷ್ಟು ಹೊತ್ತು? ಅರವತ್ತನ್ನು 1400ರಿಂದ ಭಾಗಿಸಿ 0.43 ಸೆಕೆಂಡು ಎಂದೆ. ಮಾಷ್ಟ್ರು ಕನ್ನಡಕ ಮೇಲೆ ಮಾಡಿ ನೋಡಿದರು.

"ಬಿಂದು ಎಲ್ಲಿಗೆ ಹಾಕಿದ್ದು ನೀನು? ಆಗಲೂ ಹೀಗೆಯೇ, ಈಗಲೂ ಹೀಗೆಯೇ."

0.043. ಅಂದರೆ 43 ಮಿಲಿಸೆಕೆಂಡು. 3000 ಸುತ್ತಿನಲ್ಲಿ ಅದೇ 20 ಮಿಲಿಸೆಕೆಂಡು. ಗಾಳಿ, ಪೆಟ್ರೋಲ್ ಎರಡೂ ಒತ್ತಿಸಿಕೊಂಡು, ಬಿಸಿಯಾಗಿ, ಕಿಡಿಗಾಗಿ ಕಾಯುವ ಹೊತ್ತು ಕಡಿಮೆ ಸುತ್ತಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಆ ಬಿಸಿಯಲ್ಲಿ ಎಲ್ಲಾದರೂ ಒಂದು ಕೆಂಡದ ಚೂರು ಇದ್ದರೆ, ಕಿಡಿ ಬರುವ ಮೊದಲೇ ಹೊತ್ತಿಕೊಳ್ಳಲು ಅದಕ್ಕೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ.

ಕೆಂಡ ಎಲ್ಲಿಂದ? ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಜಿನ್‌ಗಳಲ್ಲಿ ಸ್ವಲ್ಪ ಪೆಟ್ರೋಲ್ ಗೋಡೆಗೆ ತಾಗಿ ಅಲ್ಲಿರುವ ಎಣ್ಣೆಯ ಜೊತೆ ಕಲಸಿಕೊಳ್ಳುತ್ತದೆ. ಆ ಮಿಶ್ರಣ ಮೇಲಿನ ರಿಂಗಿನ ಸಂದಿಯಲ್ಲಿ ಸೇರಿ, ಸಮಯ ನೋಡಿ ಹನಿಯಾಗಿ ಹಾರುತ್ತದೆ. ಪೆಟ್ರೋಲಿಗಿಂತ ಎಣ್ಣೆ ಬೇಗ ತಾನಾಗಿ ಹೊತ್ತಿಕೊಳ್ಳುವ ವಸ್ತು. ಒಮ್ಮೊಮ್ಮೆ ಹನಿಯ ಬದಲು ಕರಿಯ ಚೂರು. ಅದು ಹೊತ್ತಿದಾಗ ಪಿಸ್ಟನ್ ಇನ್ನೂ ಮೇಲೆ ಬರುತ್ತಾ ಇರುತ್ತದೆ. ಮೇಲಿನಿಂದ ಬೆಂಕಿ ಕೆಳಗೆ ತಳ್ಳುತ್ತದೆ, ಕೆಳಗಿನಿಂದ ಪಿಸ್ಟನ್ನನ್ನು ಆಡಿಸುವ ಕ್ರ್ಯಾಂಕ್ ದಂಡ ಮೇಲಕ್ಕೆ ದೂಡುತ್ತದೆ. ನಡುವೆ ಸಿಕ್ಕಿಬಿದ್ದದ್ದು ಮೊದಲೇ ಹೇಳಿದ ಆ ಅಂಚು. ಇದಕ್ಕೆ ಲೋ ಸ್ಪೀಡ್ ಪ್ರೀ-ಇಗ್ನಿಷನ್ ಎನ್ನುತ್ತಾರೆ, ಚಿಕ್ಕದಾಗಿ ಎಲ್‌ಎಸ್‌ಪಿಐ.

ಇಲ್ಲಿ ಎಲ್ಲರೂ, ಕೆಲವು ಮೆಕ್ಯಾನಿಕ್‌ಗಳೂ ಸೇರಿ, ಎಡವುತ್ತಾರೆ. "ನಾಕಿಂಗ್ ಆದರೆ ಸೆನ್ಸರ್ ಉಂಟಲ್ಲ, ಕಂಪ್ಯೂಟರ್ ನೋಡಿಕೊಳ್ತದೆ" ಎನ್ನುತ್ತಾರೆ. ನಾಕಿಂಗ್ ಬೇರೆ, ಇದು ಬೇರೆ. ನಾಕಿಂಗ್ ಎಂದರೆ ಉರಿಯದೆ ಉಳಿದ ಪೆಟ್ರೋಲ್ ತಾನಾಗಿ ಸಿಡಿದು ಟಕಟಕ ಎನ್ನುವುದು, ಅದು ಆಗುವುದು ಪ್ಲಗ್ ಕಿಡಿ ಕೊಟ್ಟ ಮೇಲೆ. ಸೆನ್ಸರ್ ಶಬ್ದ ಕೇಳುತ್ತದೆ, ಕಂಪ್ಯೂಟರ್ ಮುಂದಿನ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ, ಮುಗಿಯಿತು. ಎಲ್‌ಎಸ್‌ಪಿಐಯಲ್ಲಿ ಕಿಡಿ ಬರುವ ಮೊದಲೇ ಬೆಂಕಿ ಬಿದ್ದಾಗಿದೆ. ತಡ ಮಾಡಲು ಏನಿದೆ? ಕಳ್ಳ ಬಂದು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಹೆಚ್ಚೆಂದರೆ ಕಂಪ್ಯೂಟರ್ ಟರ್ಬೊದ ಗಾಳಿ ಕಡಿಮೆ ಮಾಡಬಹುದು, ಪೆಟ್ರೋಲ್ ಹೆಚ್ಚು ಕೊಡಬಹುದು. ಅದು ಮುಂದಿನ ಹೊಡೆತಕ್ಕೆ. ಈ ಹೊಡೆತ ಬಿದ್ದಾಗಿದೆ. ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಸರಿಯಾಗುತ್ತದಾ ಎಂದು ಕೇಳುವವರಿಗೂ ಇದೇ ಉತ್ತರ. ಆಕ್ಟೇನ್, ಅಂದರೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಪೆಟ್ರೋಲಿನ ಗುಣ, ನಾಕಿಂಗಿಗೆ ಮದ್ದು. ಎಣ್ಣೆಯ ಹನಿ ಆಕ್ಟೇನ್ ನೋಡಿ ಹೆದರುವುದಿಲ್ಲ.

ಎಥನಾಲ್ ಪೆಟ್ರೋಲಿಗೆ ಬೈಯುವವರಿಗೂ ಒಂದು ಮಾತು. ಶೇಕಡಾ ಇಪ್ಪತ್ತು ಎಥನಾಲ್ ಬೆರೆಸಿದ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಲೀಟರಿಗೆ ಆರೇಳು ಶೇಕಡಾ ಶಕ್ತಿ ಕಡಿಮೆ, ಮೈಲೇಜ್ ಇಳಿಯುವುದು ನಿಜ. ಈ ಪಿಸ್ಟನ್ ಮುರಿದ ಪಾಪವನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ.

ಎಣ್ಣೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಎಣ್ಣೆಯಲ್ಲಿ ಕೊಳೆ ತೆಗೆಯಲು ಹಾಕುವ ಕ್ಯಾಲ್ಸಿಯಂ ಅಂಶ ಈ ಮುಂಗಡ ಬೆಂಕಿಗೆ ಕುಮ್ಮಕ್ಕು ಕೊಡುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿತು. ಅದರ ಒಂದು ಪಾಲಿನ ಬದಲು ಮೆಗ್ನೀಷಿಯಂ ಬಂತು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯಿಂದ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರ ಮೇಯಲ್ಲಿ ಎಪಿಐ ಎಸ್‌ಪಿ ಎಂಬ ದರ್ಜೆಗಳು ಬಂದವು. ಈ ಎರಡರಲ್ಲೂ ಎಲ್‌ಎಸ್‌ಪಿಐ ಪರೀಕ್ಷೆ ಪಾಸಾಗಬೇಕು. ಡಬ್ಬದ ಹಿಂದೆ ಇರುವ ದುಂಡು ಮುದ್ರೆಯಲ್ಲಿ ಎಸ್‌ಪಿ ಅಥವಾ ಅದಕ್ಕಿಂತ ಹೊಸ ದರ್ಜೆ ಇದೆಯಾ ನೋಡಿ. ನಿಮ್ಮ ಗಾಡಿಯ ಪುಸ್ತಕ ಬೇರೆ ದರ್ಜೆ ಹೇಳಿದ್ದರೆ ಪುಸ್ತಕವೇ ಪ್ರಮಾಣ, ನಾನಲ್ಲ. "ಸ್ವಲ್ಪ ದಪ್ಪ ಎಣ್ಣೆ ಹಾಕು, ಇಂಜಿನಿಗೆ ಒಳ್ಳೆಯದು" ಎನ್ನುವ ಮಾವಂದಿರು ದಯವಿಟ್ಟು ಹೊರಗೆ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯಬೇಕಾಗಿ ವಿನಂತಿ.

ಈಗ ಹುಡುಗರ ಕಥೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆಯಾದ ಮೇಲೆ ಇವರಿಗೆ ರೀಮ್ಯಾಪ್ ಹುಚ್ಚು ಹಿಡಿದಿದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಕಂಪ್ಯೂಟರಿನ ಲೆಕ್ಕ ಬದಲಾಯಿಸಿದರೆ ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ. ವಾರಂಟಿ ಹೋಗುತ್ತದೆ. ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದನ್ನೆಲ್ಲ ಬಿಡಿ, ಅವರಿಗೆ ಗೊತ್ತು, ಕೇಳುವುದಿಲ್ಲ. ನನಗೆ ತಲೆ ಕೆಡುವುದು ಬೇರೆ ವಿಷಯಕ್ಕೆ. ಗಿರಾಕಿಗೆ ಬೇಕಾದದ್ದು ಸೀಟಿಗೆ ಬೆನ್ನು ಅಂಟಿಸುವ ಪಿಕಪ್. ಅದನ್ನು ಸುಲಭದಲ್ಲಿ ತೋರಿಸಲು ಅಗ್ಗದ ಟ್ಯೂನ್ ಮಾಡುವವ ಗಾಳಿ ಏರಿಸುವುದು ಎಲ್ಲಿ? 1600, 1800 ಸುತ್ತಿನಲ್ಲಿ. ಇಂಜಿನ್ ಎಲ್ಲಿ ಅತಿ ಹೆಚ್ಚು ನಾಜೂಕೋ ಅಲ್ಲಿಗೇ. ಅದೇ ಹುಡುಗ ಆರು ಸಾವಿರ ಸುತ್ತಿನವರೆಗೆ ಕಿರುಚಿಸಿ ಓಡಿಸಿದರೆ ನನಗೆ ಅಷ್ಟು ಹೆದರಿಕೆಯಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ಇರಬಹುದು.

ಇನ್ನು ಅವರ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಕಂಪನಿಗಳು ಈಗ ತಲೆ ಕೆಡಿಸಿಕೊಂಡಿರುವುದೂ ಇದೇ ಜಾಗದಲ್ಲಿ, ಕೆಳಗಿನ ಸುತ್ತಿನಲ್ಲಿ. ಬುಗಾಟಿ ಶಿರೋನ್‌ನಲ್ಲಿ 8 ಲೀಟರ್, ಹದಿನಾರು ಸಿಲಿಂಡರ್, ನಾಲ್ಕು ಟರ್ಬೊ. 2024ರಲ್ಲಿ ತೋರಿಸಿದ ಟೂರ್ಬಿಯೋನ್‌ನಲ್ಲಿ ಹದಿನಾರು ಸಿಲಿಂಡರ್ ಉಳಿಯಿತು, ನಾಲ್ಕೂ ಟರ್ಬೊ ಹೋದವು. 8.3 ಲೀಟರಿನ ಇಂಜಿನ್ ತನ್ನಷ್ಟಕ್ಕೆ ಉಸಿರಾಡಿ 9000 ಸುತ್ತಿನವರೆಗೆ ಹೋಗಿ ಸಾವಿರ ಎಚ್‌ಪಿ ಕೊಡುತ್ತದೆ, ಮೂರು ಮೋಟಾರ್ ಸೇರಿ ಎಂಟುನೂರು. ಕೆಳಗಿನ ಎಳೆತ ಮೋಟಾರಿನದ್ದು, ಮೇಲಿನ ಹಾಡು ಇಂಜಿನ್ನಿನದ್ದು. ಈ ಕೆಲಸ ಹಂಚಿಕೆ ನನಗೆ ಬಹಳ ಹಿಡಿಸಿತು.

ಪೋರ್ಷೆ ಅದೇ ವರ್ಷ 911 ಜಿಟಿಎಸ್‌ನಲ್ಲಿ ಇನ್ನೊಂದು ದಾರಿ ಹಿಡಿಯಿತು. 3.6 ಲೀಟರ್, ಎರಡರ ಬದಲು ಒಂದೇ ಟರ್ಬೊ, ಆದರೆ ಟರ್ಬೊದ ದಂಡದ ಮೇಲೆಯೇ ಒಂದು ಮೋಟಾರ್. ಹೊಗೆ ಬಂದು ತಿರುಗಿಸುವವರೆಗೆ ಕಾಯದೆ ಅದೇ ಟರ್ಬೊವನ್ನು ತಿರುಗಿಸುತ್ತದೆ. ಗೇರ್‌ಬಾಕ್ಸಿನೊಳಗೆ ಇನ್ನೊಂದು ಮೋಟಾರ್, ಐಡಲಿನಲ್ಲೇ 150 ಎನ್‌ಎಂವರೆಗೆ ಕೈಜೋಡಿಸುತ್ತದೆ. ಬ್ಯಾಟರಿ ಎಷ್ಟು? 1.9 ಕಿಲೋವ್ಯಾಟ್-ಅವರ್, ಅಷ್ಟೇ. ಮರ್ಸಿಡಿಸ್ ಎಎಂಜಿ 2022ರಲ್ಲೇ ಸಿ43ಗೆ ಇಂಥ ವಿದ್ಯುತ್ ಟರ್ಬೊ ಹಾಕಿತ್ತು. ಫಾರ್ಮುಲಾ ಒನ್ನಿನವರು 2014ರಿಂದ ಟರ್ಬೊಗೆ ಜೋಡಿಸಿದ್ದ ಮೋಟಾರನ್ನು 2026ರ ನಿಯಮದಲ್ಲಿ ಕಿತ್ತುಹಾಕಿದ್ದಾರೆ, ಚಕ್ರಕ್ಕೆ ಶಕ್ತಿ ಕೊಡುವ ಮೋಟಾರನ್ನು 120 ಕಿಲೋವ್ಯಾಟಿನಿಂದ 350ಕ್ಕೆ ಏರಿಸಿದ್ದಾರೆ.

ಹಾಗಾಗಿ ನನ್ನ ಅಂದಾಜು, ಅಂದಾಜು ಮಾತ್ರ: ಇಂಜಿನ್ ಇನ್ನೂ ಕೆಲವು ಕಾಲ ಇರುತ್ತದೆ, ಒಂಟಿಯಾಗಿ ಇರುವುದಿಲ್ಲ. ಭಾರ ಹೊರುವ ಕೂಲಿ ಕೆಲಸ ಮೋಟಾರಿಗೆ ಹೋಗುತ್ತದೆ. ಶೂನ್ಯ ಸುತ್ತಿನಲ್ಲಿ ಪೂರ್ತಿ ಎಳೆತ ಕೊಡುವ ಯಂತ್ರ ಕೈಯಲ್ಲಿರುವಾಗ 1300 ಸುತ್ತಿನ ಪೆಟ್ರೋಲ್ ಇಂಜಿನ್ನಿನ ಕತ್ತು ಹಿಸುಕುವುದು ಯಾಕೆ?

ಪೋರ್ಷೆಯ ಮೋಟಾರ್ ನಮ್ಮ ಗಾಡಿಯಲ್ಲಿಲ್ಲ. ನಮ್ಮಲ್ಲಿರುವುದು ಗೇರ್ ಕೋಲು. ಏರು ಕಂಡ ಕೂಡಲೇ, ಏರಿನ ನಡುವೆ ಅಲ್ಲ, ಒಂದು ಗೇರ್ ಇಳಿಸಿ, ಬೇಕಾದರೆ ಎರಡು. ಎರಡು ಸಾವಿರದ ಮೇಲೆ ಸುತ್ತು ಬಂದ ಮೇಲೆ ಎಷ್ಟು ಬೇಕಾದರೂ ಒತ್ತಿ. ಮೀಟರಿನಲ್ಲಿ ಗೇರ್ ಏರಿಸಿ ಎಂದು ಬಾಣ ತೋರಿಸುವುದು ಸಮತಟ್ಟಿನಲ್ಲಿ ಮೆಲ್ಲ ಹೋಗುವಾಗಿನ ಮಾತು, ಪೆರ್ಲದ ಏರಿಗೆ ಅಲ್ಲ. ಮೆಲ್ಲ ಪಾದವಿಟ್ಟು 1400ರಲ್ಲಿ ಸಾಗಿದರೆ ತೊಂದರೆಯಿಲ್ಲ. ಕಡಿಮೆ ಸುತ್ತು, ಪೂರ್ತಿ ಒತ್ತು, ಎರಡೂ ಒಟ್ಟಿಗೆ ಬೇಡ. ಆಟೊಮ್ಯಾಟಿಕ್ ಇದ್ದವರಿಗೆ ಗಾಡಿಯೇ ಗೇರ್ ಇಳಿಸುತ್ತದೆ. ಡೀಸೆಲ್ಲಿನವರಿಗೆ ಈ ಕಥೆ ಅನ್ವಯಿಸುವುದಿಲ್ಲ, ಅವರ ಕಷ್ಟ ಬೇರೆ. ಮತ್ತೆ, ಇದನ್ನು ಓದಿ ಯಾರೂ ತಮ್ಮ ಗಾಡಿಯ ಪಿಸ್ಟನ್ ಮುರಿದಿದೆ ಎಂದು ರಾತ್ರಿ ಫೋನ್ ಮಾಡಬೇಡಿ. ಸಾವಿರಾರು ಗಾಡಿ ಏನೂ ಆಗದೆ ಓಡುತ್ತಿವೆ. ಒಂದು ಸಿಲಿಂಡರ್ ತಪ್ಪಿದ ಹಾಗೆ ನಡುಗಿದರೆ, ಎಣ್ಣೆ ಕಡಿಮೆಯಾಗುತ್ತಿದ್ದರೆ ಮಾತ್ರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ.

ಮಾಷ್ಟ್ರ ಗಾಡಿಗೆ ಹೊಸ ಪಿಸ್ಟನ್ ಹಾಕಿ ಕೊಟ್ಟು ನಾಲ್ಕು ತಿಂಗಳಾಯಿತು. ಏರಿನಲ್ಲಿ ಮೂರನೇ ಗೇರಿಗೆ ಇಳಿಸುತ್ತಾರೆ. ಅವರ ಮನೆಯ ಟೀಚರಮ್ಮನಿಗೆ ಇಂಜಿನ್ನಿನ ಬೊಬ್ಬೆ ಕೇಳಿ ತಲೆನೋವಂತೆ. ಮೊದಲ ವಾರ ಮಾಷ್ಟ್ರು ಏರಿನಲ್ಲೇ ಬದಿಗೆ ನಿಲ್ಲಿಸಿ ಫೋನ್ ಮಾಡಿದರು.

"ಮೂರು ಸಾವಿರ ತೋರಿಸ್ತದಲ್ಲಾ, ಆಗಬಹುದಾ?"

"ಆಗಬಹುದು ಮಾಷ್ಟ್ರೇ."

"ಮೂರು ಸಾವಿರದ ಇನ್ನೂರು?"

"ಅದೂ ಆಗಬಹುದು."

ಮೊನ್ನೆ ಎಣ್ಣೆ ಬದಲಾಯಿಸಲು ಬಂದವರು ಜೇಬಿನಿಂದ ಒಂದು ಚೀಟಿ ತೆಗೆದರು. ಪ್ರತಿ ಸಲ ಪೆಟ್ರೋಲ್ ಹಾಕಿದ ಲೀಟರ್, ಓಡಿದ ಕಿಲೋಮೀಟರ್, ಭಾಗಾಕಾರ, ಎಲ್ಲ ಸಾಲಾಗಿ ಬರೆದಿದ್ದರು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ.

"ಹದಿನೇಳೂವರೆ ಇದ್ದದ್ದು ಹದಿನೇಳೂಕಾಲಿಗೆ ಬಂದಿದೆ ಮಾರಾಯ. ಇದಕ್ಕೆ ಎಂತಾದರೂ ಉಂಟಾ?"