ಕೆಇಎಂನ ನರ್ಸ್‌ಗಳು ಏನನ್ನು ನೋಡುತ್ತಿದ್ದರು?

ಮುಂಬೈಯ ಪರೇಲ್‌ನಲ್ಲಿರುವ ಕೆಇಎಂ ಆಸ್ಪತ್ರೆಯ ಹೆಸರು ಕೇಳಿದರೆ ನಮ್ಮ ಕರಾವಳಿಯವರಿಗೆ ಅರುಣಾ ಶಾನಭಾಗ್ ನೆನಪಾಗುತ್ತಾರೆ. ಉತ್ತರ ಕನ್ನಡದ ಹಳದಿಪುರದ ಹುಡುಗಿ. ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ಅವರ ಕುತ್ತಿಗೆಗೆ ಸರಪಳಿ ಬಿಗಿದು ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ಸಿಗದೆ ಹೋಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಹಾಸಿಗೆಯಲ್ಲೇ ಇದ್ದರು. ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಹಳಬರು ರಿಟೈರ್ ಆದರು, ಹೊಸಬರು ಬಂದರು, ಆರೈಕೆ ನಿಲ್ಲಲಿಲ್ಲ.

ಅವರಿಗೆ ದಯಾಮರಣ ಕೊಡಬೇಕೇ ಅನ್ನುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದ್ದು. ಆದರೆ ಆ ಬಗ್ಗೆ 2011ರ ಮಾರ್ಚ್ 7ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ. 37 ವರ್ಷ ಮಲಗಿದ್ದಲ್ಲೇ ಇದ್ದರೂ ಅವರಿಗೆ ಒಂದೇ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ. ಇದನ್ನು ತಾಯಿಪ್ರೀತಿ, ಸೇವೆ ಅಂತ ಹೊಗಳಿ ಕೈತೊಳೆದುಕೊಳ್ಳುತ್ತೇವೆ. ನನಗೆ ಅಷ್ಟು ಸಾಲದು. ಪ್ರೀತಿ ಇತ್ತು, ನಿಜ. ಜೊತೆಗೆ ಅದೊಂದು ವಿದ್ಯೆ, ಕಲಿತು ಮಾಡುವ ಕೆಲಸ.

ಹಾಸಿಗೆ ಹುಣ್ಣು ಹೇಗೆ ಶುರುವಾಗುತ್ತದೆ ಗೊತ್ತಾ? ಚರ್ಮ ಒಡೆಯುವ ಮೊದಲೇ. ರೋಗಿಯನ್ನು ಮಗ್ಗುಲು ಬದಲಿಸುವಾಗ ನರ್ಸ್ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ ನೋಡುತ್ತಾರೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದೂ ಇಲ್ಲ. ಅಲ್ಲಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ತಿಳಿಯಬೇಕು. ಮಾಮೂಲಿ ಸ್ಕ್ಯಾನ್‌ಗಳು ಇದನ್ನು ಹೇಳಲ್ಲ.

ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಖಡಕ್ಕಾಗಿ ಬರೆದಿದ್ದರು: ರೋಗಿಗೆ ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದ್ದು. ‘ರಾತ್ರಿ ಚೆನ್ನಾಗಿ ನಿದ್ದೆ ಬಂತಾ?’ ಅಂತ ಕೇಳುವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ಎಷ್ಟು ಗಂಟೆ ಮಲಗಿದರು, ಯಾವ ಹೊತ್ತಿನಲ್ಲಿ, ಅದನ್ನು ಕೇಳಿ ಅನ್ನುತ್ತಿದ್ದರು. ಆಮೇಲೆ 1893ರಲ್ಲಿ ಅವರು ಹೇಳಿದ್ದು ನನಗೆ ಇನ್ನೂ ದೊಡ್ಡದು ಅನಿಸುತ್ತದೆ. ಕಾಯಿಲೆ ಇಲ್ಲದಿದ್ದರೆ ಮಾತ್ರ ಸಾಲದು, ನಮಗಿರುವ ಶಕ್ತಿಯನ್ನೆಲ್ಲ ಚೆನ್ನಾಗಿ ಬಳಸಲು ಆಗುವುದೇ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆ ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ಆರೋಗ್ಯದ ಅರ್ಥ ಹೇಳಿದ್ದು 1948ರಲ್ಲಿ, ಅದಕ್ಕಿಂತ ಅರ್ಧ ಶತಮಾನ ತಡವಾಗಿ.

ಆಮೇಲೆ ಈ ನೋಟಕ್ಕೆ ಒಂದೊಂದೇ ಅಳತೆ, ಹೆಸರು ಬಂದವು. ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್‌ಸನ್ ಮನುಷ್ಯನ 14 ಅಗತ್ಯಗಳನ್ನು ಪಟ್ಟಿ ಮಾಡಿದರು. ಉಸಿರಾಟ, ಊಟ, ಮಲಮೂತ್ರದಿಂದ ಹಿಡಿದು ಪೂಜೆ, ಕೆಲಸ, ಆಟದವರೆಗೂ ಅದರಲ್ಲಿವೆ. 1962ರಲ್ಲಿ ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ ಹಾಸಿಗೆ ಹುಣ್ಣು ಯಾರಿಗೆ ಬರಬಹುದು ಅಂತ ಮೊದಲೇ ಹೇಳುವ ಅಂಕಪಟ್ಟಿ ಕೊಟ್ಟರು. 1968ರಲ್ಲಿ ಅಮೆರಿಕದ ನರ್ಸ್ ಮಾರ್ಗೊ ಮೆಕಾಫ್ರಿ, ನೋವು ಅನುಭವಿಸುವವರು ಏನು ಹೇಳುತ್ತಾರೋ ಅದೇ ನೋವು ಅಂದರು. ರೋಗಿ ನಾಟಕ ಮಾಡ್ತಿದ್ದಾರೆ ಅಂತ ತಳ್ಳಿಹಾಕುವ ಚಾಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಅರುಣಾ ಹಾಸಿಗೆ ಹಿಡಿದ 1973ರಲ್ಲೇ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನರ್ಸ್‌ಗಳು ಸೇರಿ, ತಾವು ಗುರುತಿಸುವ ತೊಂದರೆಗಳಿಗೆ ತಮ್ಮದೇ ಹೆಸರಿಡಲು ಕೂತರು. ಡಾಕ್ಟರು ‘ಪಾರ್ಶ್ವವಾಯು’ ಅಂತ ಬರೆದರೆ, ನರ್ಸ್ ‘ನುಂಗಲು ಕಷ್ಟ, ಚರ್ಮ ಒಡೆಯುವ ಅಪಾಯ’ ಅಂತ ಬರೆಯುತ್ತಾರೆ. ಎರಡೂ ಬೇಕು.

ಕೋರ್ಟು ನೇಮಿಸಿದ್ದ ಮೂವರು ವೈದ್ಯರು ಅರುಣಾ ಅವರನ್ನು ನೋಡಿ, ಮಿದುಳಿನ ಸ್ಥಿತಿಯ ಬಗ್ಗೆ ವರದಿ ಕೊಟ್ಟರು. ಅದು ಸರಿಯಾದ ವರದಿಯೇ. ಆದರೆ ದಿನಾ ತುತ್ತು ಕೊಟ್ಟವರ ಹತ್ತಿರ ಬೇರೆ ವಿವರಗಳಿದ್ದವು. ಮೀನು, ಕೋಳಿಯ ಸೂಪ್ ಕೊಟ್ಟರೆ ಮುಖ ಅರಳುತ್ತದೆ. ಬೇಡದ್ದನ್ನು ಉಗುಳುತ್ತಾರೆ. ಕರಾವಳಿಯ ಹೆಣ್ಣುಮಗಳಿಗೆ ಮೀನು ಇಷ್ಟ ಅನ್ನುವುದು ಕೇಸ್ ಶೀಟಿನಲ್ಲಿ ಎಲ್ಲಿ ಬರೆಯುತ್ತಾರೆ, ಅಲ್ವಾ? ಅವರ ಪರವಾಗಿ ನಿರ್ಧಾರ ಮಾಡುವ ಆಪ್ತರು ಕೆಇಎಂ ಸಿಬ್ಬಂದಿಯೇ ಅಂತ ಕೋರ್ಟು ಹೇಳಿತು.

ಪರೇಲ್‌ನ ಆಸ್ಪತ್ರೆಗಳಿಗೆ ಇವತ್ತೂ ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಜನ ಬರುತ್ತಾರೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂದರೆ ಅಜ್ಜಿಗೆ ಏನು ಹೇಳಬೇಕೋ ತೋಚುವುದಿಲ್ಲ. ‘ಭಾಳ ಆಗೇದವ್ವಾ’ ಅಷ್ಟೇ. ಕೆಲಸ ಬಲ್ಲ ಸಿಸ್ಟರ್ ಅಂಕ ಬಿಟ್ಟು ಬೇರೆ ಕೇಳುತ್ತಾರೆ: ರಾತ್ರಿ ಎಷ್ಟು ಸಲ ಎಚ್ಚರ ಆಯ್ತು? ರೊಟ್ಟಿ ತಿಂದಿರಾ? ಬಾತ್‌ರೂಮಿಗೆ ಒಬ್ಬರೇ ಹೋದಿರಾ? ನಾಡಿ ಹಿಡಿದುಕೊಂಡೇ, ಅಜ್ಜಿಗೆ ಗೊತ್ತಾಗದ ಹಾಗೆ ಉಸಿರನ್ನೂ ಎಣಿಸುತ್ತಾರೆ. ಎಣಿಸುವುದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ.

ಇದಕ್ಕೆಲ್ಲ ಸಮಯ ಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಎರಡು ಜೊತೆ ಕೈ ಬೇಕು. ತುಂಬಿದ ವಾರ್ಡಿನಲ್ಲಿ ಒಬ್ಬರೇ ಸಿಸ್ಟರ್ ಓಡಾಡುತ್ತಿದ್ದರೆ ಮೊದಲು ತಪ್ಪಿಹೋಗುವುದು ಈ ನೋಟವೇ. ಅಲ್ಲಿ ಪಕ್ಕದಲ್ಲಿ ಕೂತ ಮನೆಯವರು ಕನ್ನಡದಲ್ಲೋ ಮುರುಕು ಹಿಂದಿಯಲ್ಲೋ ‘ನಿನ್ನೆಗಿಂತ ಊಟ ಕಡಿಮೆ, ಮಾತೂ ಕಡಿಮೆ’ ಅಂತ ಹೇಳಿದರೆ, ಅದೂ ಚಾರ್ಟಿಗೆ ಸೇರಬೇಕಾದ ಮಾಹಿತಿಯೇ. ಸಂಕೋಚ ಬೇಡ, ಹೇಳಿ.